14 ತಿಂಗಳಿಗೇ ಬೈಕ್ ಬ್ಯಾಟರಿ ಹೋಯಿತು, ಈಗ ಯಾವುದು ಹಾಕಿಸಲಿ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ 200 ಸಿಸಿ ಬೈಕ್. ಫ್ಯೂಯಲ್ ಇಂಜೆಕ್ಷನ್, ಕಿಕ್ಕರ್ ಇಲ್ಲ. ಬೈಕಿನ ಜೊತೆ ಬಂದ 8 ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಮೇಂಟೆನೆನ್ಸ್ ಫ್ರೀ ಬ್ಯಾಟರಿ ನಾಲ್ಕೂವರೆ ವರ್ಷ ಯಾವ ತಕರಾರೂ ಇಲ್ಲದೆ ಬಂತು. ಆಮೇಲೆ ಅದೇ ಬಗೆಯದನ್ನೇ ಹಾಕಿಸಿದೆ, 14 ತಿಂಗಳಿಗೆ ಮಲಗಿಬಿಟ್ಟಿದೆ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕಟಕ ಅನ್ನುತ್ತದೆ, ಮೀಟರ್ ಆರಿ ಹತ್ತುತ್ತದೆ, ಗಡಿಯಾರ ಸೊನ್ನೆಗೆ ಹೋಗುತ್ತದೆ. ಮಧ್ಯೆ ಒಂದು ಜಿಪಿಎಸ್ ಟ್ರ್ಯಾಕರ್, ಮೊಬೈಲ್ ಚಾರ್ಜರ್, ಒಂದು ಜೊತೆ ಫಾಗ್ ಲೈಟ್ ಹಾಕಿಸಿದ್ದೇನೆ. ಕೆಲಸಕ್ಕೆ ಹೋಗುವ ದಾರಿ ಮೂರೇ ಕಿಲೋಮೀಟರ್. ತಿಂಗಳಲ್ಲಿ ಒಂದು ಸಲ ಎಂಟು ಹತ್ತು ದಿನ ನಾನು ಇರುವುದಿಲ್ಲ, ಬೈಕ್ ನಿಂತೇ ಇರುತ್ತದೆ. ಮೆಕ್ಯಾನಿಕ್ ದೊಡ್ಡ ಎಎಚ್ ಹಾಕಿಸಿ ಅಂತಾರೆ. ಗೆಳೆಯ ಲಿಥಿಯಂ ಹಾಕು ಅಂತಾನೆ. ಅಂಗಡಿಯವರು ನೀರು ಹಾಕುವ ಬ್ಯಾಟರಿಯೇ ಗಟ್ಟಿ, ಬೇಕಾದಾಗ ಆಸಿಡ್ ತುಂಬಬಹುದು ಅಂತಾರೆ. ನಿಂತಾಗ ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ ಅನ್ನುವವರು ಬೇರೆ. ಯಾರ ಮಾತು ಕೇಳಲಿ?

ಉತ್ತರ: ಯಾವ ಬ್ಯಾಟರಿ ಹಾಕಿಸಬೇಕು ಅನ್ನುವುದು ಎರಡನೇ ಮಾತು. ಮೊದಲ ಬ್ಯಾಟರಿ ನಾಲ್ಕೂವರೆ ವರ್ಷ ಬಂದ ಜಾಗದಲ್ಲಿ ಎರಡನೆಯದು 14 ತಿಂಗಳಿಗೆ ಯಾಕೆ ಹೋಯಿತು? ಮೊದಲು ಅದು ಗೊತ್ತಾಗಬೇಕು. ಬೈಕ್ ಅದೇ, ಓಡಿಸುವವರು ನೀವೇ, ಬ್ಯಾಟರಿಯ ಬಗೆಯೂ ಅದೇ. ಬದಲಾಗಿರುವುದು ನೀವು ಮಧ್ಯೆ ಹಾಕಿಸಿದ ಸಾಮಾನು, ಇಲ್ಲವೇ ವಯಸ್ಸಾದ ಚಾರ್ಜಿಂಗ್ ವ್ಯವಸ್ಥೆ, ಇಲ್ಲವೇ ಆ ಎರಡನೇ ಬ್ಯಾಟರಿಯನ್ನು ಹೊಸದರಲ್ಲಿ ತಯಾರು ಮಾಡಿ ಕೂರಿಸಿದ ರೀತಿ. ಇದರಲ್ಲಿ ಯಾವುದು ಅಂತ ನೋಡದೆ ಮೂರನೆಯದನ್ನು ಹಾಕಿದರೆ ಅದೂ ಇಷ್ಟೇ ದಿನ ಬರುತ್ತದೆ. ದೊಡ್ಡದಾದರೂ ಅಷ್ಟೇ, ಲಿಥಿಯಂ ಆದರೂ ಅಷ್ಟೇ.

ಬ್ಯಾಟರಿ ಹೋಗಿದೆ ಅಂತ ನನ್ನ ಹತ್ತಿರ ಬರುವ ಬೈಕ್‌ಗಳಲ್ಲಿ ಹೋಗಿರುವುದು ಬ್ಯಾಟರಿಯೇ ಆಗಿರುತ್ತದೆ, ನಿಜ. ಆದರೆ ಅದನ್ನು ಕೆಡಿಸಿದ್ದು ಬೇರೆ ಏನೋ ಆಗಿರುತ್ತದೆ, ಆ ಬೇರೆಯದು ಹೊಸ ಬ್ಯಾಟರಿ ಹಾಕಿದ ಮೇಲೂ ಅಲ್ಲೇ ಇರುತ್ತದೆ. ಅದಕ್ಕೇ ಕೊಳ್ಳುವ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು.

ಸೀಟು ಬಿಚ್ಚಿದ ತಕ್ಷಣ ಮೀಟರ್ ಹಿಡಿಯಬೇಡಿ, ಮೊದಲು ಕಣ್ಣಿನಿಂದ ನೋಡಿ. ಬ್ಯಾಟರಿಯ ಪಕ್ಕದ ಗೋಡೆಗಳು ಉಬ್ಬಿವೆಯಾ? ಉಬ್ಬಿದ್ದರೆ ಹೆಚ್ಚಾಗಿ ಅದು ಅತಿ ಚಾರ್ಜ್ ಆಗಿ ಕಾದ ಗುರುತು, ಅಂದರೆ ತಪ್ಪು ನಿಮ್ಮ ಆರ್‌ಆರ್ ಯುನಿಟ್‌ನದು, ರೆಗ್ಯುಲೇಟರ್ ರೆಕ್ಟಿಫೈಯರ್ ಅಂತಾರಲ್ಲ ಅದು, ಎಂಜಿನ್ ಓಡುವಾಗ ಹುಟ್ಟುವ ಕರೆಂಟನ್ನು ಹದಕ್ಕೆ ತಂದು ಬ್ಯಾಟರಿಗೆ ಕೊಡುವ ಡಬ್ಬಿ. ಟರ್ಮಿನಲ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕೂತಿದೆಯಾ? ಬೋಲ್ಟ್ ಬೆರಳಲ್ಲಿ ತಿರುಗಿಸಿದರೆ ಅಲ್ಲಾಡುತ್ತದೆಯಾ? ನೀವು ಹೇಳಿದ ಟಕಟಕ, ಮೀಟರ್ ಆರಿ ಹತ್ತುವುದು, ಗಡಿಯಾರ ಸೊನ್ನೆಗೆ ಹೋಗುವುದು, ಇದಿಷ್ಟೂ ಸಡಿಲ ಬೋಲ್ಟ್‌ನಿಂದಲೂ ಆಗುತ್ತದೆ. ಸೆಲ್ಫ್ ಒತ್ತಿದಾಗ ಸ್ಟಾರ್ಟರ್ ಮೋಟರ್ ಎಳೆಯುವ ಕರೆಂಟಿಗೆ ವೋಲ್ಟೇಜ್ ಕುಸಿಯುತ್ತದೆ, ಮೋಟರಿಗೆ ಕರೆಂಟ್ ಸೇರಿಸುವ ಸ್ವಿಚ್, ಅಂದರೆ ರಿಲೇ, ಬಿಟ್ಟುಬಿಡುತ್ತದೆ, ಲೋಡ್ ತಪ್ಪಿದ್ದಕ್ಕೆ ವೋಲ್ಟೇಜ್ ಮತ್ತೆ ಏರುತ್ತದೆ, ರಿಲೇ ಮತ್ತೆ ಹಿಡಿಯುತ್ತದೆ. ಆ ಟಕಟಕ ಅಂದರೆ ಇದೇ. ಕುಸಿತ ಬ್ಯಾಟರಿಯ ಒಳಗೆ ಆಗುತ್ತಿದೆಯಾ, ತುದಿಯ ಬೋಲ್ಟಿನಲ್ಲಿ ಆಗುತ್ತಿದೆಯಾ ಅಂತ ಶಬ್ದ ಕೇಳಿ ಹೇಳಲಾಗದು. ಬಿಚ್ಚಿ, ಉಜ್ಜಿ, ಬಿಗಿ ಮಾಡಿ, ಆಮೇಲೆ ಮುಂದಿನ ಪರೀಕ್ಷೆ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ರಾತ್ರಿಯಿಡೀ ಸುಮ್ನೆ ಬಿಟ್ಟು, ಬೆಳಿಗ್ಗೆ ಕೀ ಹಾಕುವ ಮೊದಲು ವೋಲ್ಟೇಜ್ ನೋಡಿ. ಚಾರ್ಜ್ ಆದ ಕೂಡಲೇ ನೋಡಿದರೆ ಸುಳ್ಳು ಲೆಕ್ಕ ಬರುತ್ತದೆ, ಮೇಲ್ಮೇಲಿನ ಚಾರ್ಜ್ ಇಳಿಯಲು ಕೆಲವು ಗಂಟೆ ಬೇಕು. ಮೇಂಟೆನೆನ್ಸ್ ಫ್ರೀ ಬ್ಯಾಟರಿ ಪೂರ್ತಿ ತುಂಬಿದ್ದರೆ 12.8 ಆಸುಪಾಸು ತೋರಿಸಬೇಕು. 12.4 ಅಂದರೆ ಕಾಲು ಭಾಗ ಖಾಲಿ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ. ಎಷ್ಟು ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಂತರೆ ಒಳಗಿನ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ ಅಂತ ಲೆಕ್ಕ, ಯಾಕೆಂದರೆ ಒಂದೊಂದು ಸೆಲ್‌ನದು 2.1 ವೋಲ್ಟ್. ಅದನ್ನು ಉಳಿಸುವ ದಾರಿ ಇಲ್ಲ.

ಆಮೇಲೆ ಮೀಟರಿನ ಎರಡೂ ಪ್ರೋಬ್‌ಗಳನ್ನು ಬ್ಯಾಟರಿಯ ಸೀಸದ ತುದಿಗೇ ಒತ್ತಿ ಹಿಡಿದು, ಬೋಲ್ಟಿಗೂ ಅಲ್ಲ ವೈರಿಗೂ ಅಲ್ಲ, ಇನ್ನೊಬ್ಬರ ಕೈಯಲ್ಲಿ ಸೆಲ್ಫ್ ಒತ್ತಿಸಿ. ವೋಲ್ಟೇಜ್ 10ರ ಮೇಲೇ ನಿಂತು ಎಂಜಿನ್ ತಿರುಗಿದರೆ ಬ್ಯಾಟರಿ ಚೆನ್ನಾಗಿದೆ. ಒತ್ತುವ ಮೊದಲು 12.7 ತೋರಿಸಿ, ಒತ್ತಿದ ಕೂಡಲೇ 6, 7ಕ್ಕೆ ಬಿದ್ದರೆ ಬ್ಯಾಟರಿ ಮುಗಿದಿದೆ. ಇನ್ನೊಂದು ಸಾಧ್ಯತೆಯೂ ಇದೆ. ವೋಲ್ಟೇಜ್ 12.5ರಲ್ಲೇ ಗಟ್ಟಿಯಾಗಿ ನಿಂತು, ಬೈಕ್ ಮಾತ್ರ ಟಕ್ ಅಂದು ಸುಮ್ಮನಾದರೆ ಬ್ಯಾಟರಿಯ ತಪ್ಪೇ ಇಲ್ಲ, ಸ್ಟಾರ್ಟರ್ ರಿಲೇ ಅಥವಾ ಮೋಟರ್ ಅಥವಾ ದಪ್ಪ ಕೇಬಲ್ ನೋಡಬೇಕು. ಈ ಒಂದು ಪರೀಕ್ಷೆ ಮಾಡದೆ ಒಳ್ಳೆಯ ಬ್ಯಾಟರಿಗಳನ್ನೇ ಬಿಸಾಡುವವರು ತುಂಬ ಜನ.

ಬೈಕ್ ಸ್ಟಾರ್ಟ್ ಆದರೆ ಚಾರ್ಜಿಂಗ್ ನೋಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿಯಲ್ಲಿ ಅಳೆಯುತ್ತಾ ನಿಧಾನಕ್ಕೆ 4000, 5000 ಆರ್‌ಪಿಎಂಗೆ ಏರಿಸಿ. 13.8ರಿಂದ 14.5ರ ಒಳಗೆ ನಿಂತರೆ ಸರಿ. 15ರ ಕಡೆ ಹೋದರೆ ಆರ್‌ಆರ್ ಯುನಿಟ್ ಕೈಕೊಟ್ಟಿದೆ, ಅದು ಹೊಸ ಬ್ಯಾಟರಿಯನ್ನೂ ಬೇಯಿಸುತ್ತದೆ. 13ಕ್ಕಿಂತ ಮೇಲೆ ಏರುವುದೇ ಇಲ್ಲ ಅಂದರೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್, ಕನೆಕ್ಟರ್, ಆರ್‌ಆರ್ ಮೂರನ್ನೂ ನೋಡಬೇಕು. ಇದೇ ಪರೀಕ್ಷೆಯನ್ನು ಫಾಗ್ ಲೈಟ್ ಹಾಕಿಕೊಂಡು ಇನ್ನೊಮ್ಮೆ ಮಾಡಿ, ಐಡ್ಲಿಂಗ್‌ನಲ್ಲೂ ನೋಡಿ. ಐಡ್ಲಿಂಗ್‌ನಲ್ಲಿ ಲೈಟ್ ಹಾಕಿದಾಗ ವೋಲ್ಟೇಜ್ 12.5ಕ್ಕೆ ಇಳಿದರೆ ಆ ಹೊತ್ತಿನಲ್ಲಿ ನಿಮ್ಮ ಬ್ಯಾಟರಿ ತುಂಬುತ್ತಿಲ್ಲ, ಖಾಲಿಯಾಗುತ್ತಿದೆ. ಒಂದು ಎಚ್ಚರ: ಎಂಜಿನ್ ಓಡುವಾಗ ಬ್ಯಾಟರಿ ವೈರ್ ಬಿಚ್ಚಿ 'ಚಾರ್ಜಿಂಗ್ ಇದೆಯಾ ನೋಡೋಣ' ಅನ್ನುವ ಹಳೆಯ ಅಭ್ಯಾಸವನ್ನು ಇಂಜೆಕ್ಷನ್ ಬೈಕಿನಲ್ಲಿ ಖಂಡಿತ ಮಾಡಬೇಡಿ. ಆ ಕ್ಷಣ ಏರುವ ವೋಲ್ಟೇಜಿಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಸುಟ್ಟುಹೋದೀತು.

ಇನ್ನು ನಿಮ್ಮ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಇರುವ ಜಾಗ: ಕೀ ಆಫ್ ಆಗಿದ್ದಾಗ ಸೋರುವ ಕರೆಂಟು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೀಟರಿನ ಕೆಂಪು ಪಿನ್ನನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಒಂದು ಪ್ರೋಬ್ ಆ ವೈರಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ತುದಿಗೆ ಹಿಡಿಯಿರಿ. ಈಗ ಬೈಕಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗುತ್ತದೆ, ಹಾಗಾಗಿ ಮರೆತೂ ಕೀ ತಿರುಗಿಸಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಐದು ಹತ್ತು ನಿಮಿಷ ಕಾಯಿರಿ, ಟ್ರ್ಯಾಕರ್ ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ಅಂಕಿ ಚಿಕ್ಕದಿದ್ದರೆ ಮಿಲಿಆಂಪಿಯರ್ ರೇಂಜಿಗೆ ಬದಲಿಸಿ ನೋಡಿ. ಏನೂ ಸೇರಿಸದ ಬೈಕಿನಲ್ಲಿ ಗಡಿಯಾರ, ಇಸಿಯು ಎಲ್ಲ ಸೇರಿ ಕೆಲವೇ ಮಿಲಿಆಂಪಿಯರ್ ಇರುತ್ತದೆ. 20, 30, 50 ಕಂಡರೆ ಒಂದೊಂದೇ ಫ್ಯೂಸ್ ಎಳೆಯುತ್ತಾ ಹೋಗಿ, ಟ್ರ್ಯಾಕರ್ ವೈರ್ ಬಿಚ್ಚಿ, ಮೊಬೈಲ್ ಚಾರ್ಜರ್ ವೈರ್ ಬಿಚ್ಚಿ. ಯಾವುದನ್ನು ಬಿಚ್ಚಿದಾಗ ಅಂಕಿ ದಡಕ್ಕನೆ ಇಳಿಯುತ್ತದೋ ಅಲ್ಲಿದೆ ಸೋರಿಕೆ. ಎಲ್ಲ ಬಿಚ್ಚಿದ ಮೇಲೂ ಇಳಿಯದಿದ್ದರೆ ಆರ್‌ಆರ್ ಯುನಿಟ್‌ನ ಕನೆಕ್ಟರ್ ತೆಗೆದು ನೋಡಿ, ಒಳಗಿನ ಡಯೋಡ್ ಹಾಳಾದರೆ ಅದರ ಮೂಲಕ ಕರೆಂಟ್ ಹಿಂದಕ್ಕೆ ಹರಿಯುತ್ತಿರುತ್ತದೆ.

30 ಮಿಲಿಆಂಪಿಯರ್ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ. ದಿನದ 24 ಗಂಟೆಗೆ 0.72 ಎಎಚ್. ಹತ್ತು ದಿನಕ್ಕೆ 7.2. ನಿಮ್ಮ ಬ್ಯಾಟರಿಯೇ 8. ಸೆಲ್ಫ್ ಹೊಡೆಯುವ ಶಕ್ತಿ ಅರ್ಧ ಖಾಲಿಯಾಗುವ ಹೊತ್ತಿಗೇ ಕುಂಠಿತವಾಗುತ್ತದೆ, ಅಂದರೆ ಐದಾರು ದಿನಕ್ಕೇ. ನೀವು ತಿಂಗಳಿಗೊಮ್ಮೆ ಎಂಟು ಹತ್ತು ದಿನ ಬೈಕ್ ನಿಲ್ಲಿಸುತ್ತೀರಿ. ಇಷ್ಟು ಸೋರಿಕೆ ಇದ್ದದ್ದೇ ಆದರೆ 14 ತಿಂಗಳಲ್ಲಿ ಆ ಬ್ಯಾಟರಿ ಹದಿನಾಲ್ಕು ಸಲ ತಳ ಕಂಡಿದೆ. ಸ್ಟಾರ್ಟಿಂಗ್‌ಗೆ ಅಂತ ಮಾಡಿದ ಬ್ಯಾಟರಿ ಅದನ್ನು ತಡೆದುಕೊಳ್ಳುವುದಿಲ್ಲ.

ಯಾಕೆ ತಡೆದುಕೊಳ್ಳುವುದಿಲ್ಲ ಅನ್ನುವುದನ್ನು ಸ್ವಲ್ಪ ಹೇಳಬೇಕು, ಮುಂದಿನ ಸಲಹೆಯೆಲ್ಲ ಅದರ ಮೇಲೇ ನಿಂತಿದೆ. ಸೀಸದ ಬ್ಯಾಟರಿ ಕರೆಂಟ್ ಕೊಡುವಾಗ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಮತ್ತೆ ಕರಗಿ ಆಸಿಡ್‌ಗೆ ಸೇರುತ್ತದೆ. ಹಾಗೇ ಬಿಟ್ಟರೆ ಸಣ್ಣ ಹರಳುಗಳು ದೊಡ್ಡವಾಗಿ ಗಟ್ಟಿಯಾಗುತ್ತವೆ, ಆಮೇಲೆ ಮಾಮೂಲಿ ಚಾರ್ಜಿಂಗಿಗೆ ಜಗ್ಗುವುದಿಲ್ಲ. ಆ ಹರಳು ಮುಚ್ಚಿದಷ್ಟು ಜಾಗ ಕೆಲಸಕ್ಕೆ ಬಾರದು. ಹಾಗಾಗಿ ಬ್ಯಾಟರಿಗೆ ಕೆಟ್ಟದ್ದು ಖಾಲಿಯಾಗುವುದಕ್ಕಿಂತ ಜಾಸ್ತಿ ಖಾಲಿಯಾಗಿ ಕೂತಿರುವುದು. ಬಿಸಿ ಇದಕ್ಕೆ ಸೇರಿದರೆ ಇನ್ನೂ ಬೇಗ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಆಯಸ್ಸು ಹೆಚ್ಚುಕಮ್ಮಿ ಅರ್ಧವಾಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹಿಡಿಯುವ ಅಂದಾಜು.

ನಿಮ್ಮ ಮೂರು ಕಿಲೋಮೀಟರ್ ಓಡಾಟದ ಪಾತ್ರವೂ ಇಲ್ಲೇ ಇದೆ. ಸ್ಟಾರ್ಟ್ ಮಾಡಲು ತುಂಬ ಶಕ್ತಿ ಹೋಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಲ್ಲ. 80 ಆಂಪಿಯರ್ ಎರಡು ಸೆಕೆಂಡ್ ಎಳೆದರೂ ಅದು 0.05 ಎಎಚ್ ಕೂಡ ಆಗದು, ಅದನ್ನು ಕೆಲವು ನಿಮಿಷದ ಓಟ ತುಂಬಿಕೊಡುತ್ತದೆ. ತೊಂದರೆ ಏನೆಂದರೆ ಸೀಸದ ಬ್ಯಾಟರಿ ಮೊದಲ ಮುಕ್ಕಾಲು ಪಾಲನ್ನು ಬೇಗ ತುಂಬಿಕೊಳ್ಳುತ್ತದೆ, ಕೊನೆಯ ಪಾಲನ್ನು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷದ ಓಟಗಳಲ್ಲಿ ಆ ಕೊನೆಯ ಪಾಲು ಎಂದೂ ತುಂಬುವುದಿಲ್ಲ. ಜೊತೆಗೆ ಹೆಡ್‌ಲೈಟ್, ಫ್ಯೂಯಲ್ ಪಂಪ್, ಇಸಿಯು, ಮೇಲೆ ನಿಮ್ಮ ಫಾಗ್ ಲೈಟ್. 20 ವ್ಯಾಟಿನ ಎರಡು ಲೈಟ್ ಅಂದರೆ ಮೂರು ಆಂಪಿಯರ್ ಹೋಯಿತು. ನಿಮ್ಮ ಬೈಕಿನಂಥದ್ದರ ಆಲ್ಟರ್ನೇಟರ್ ಪೂರ್ತಿ ವೇಗದಲ್ಲಿ ಕೊಡುವುದೇ ಇನ್ನೂರು ವ್ಯಾಟ್ ಆಸುಪಾಸು, ಸಿಗ್ನಲ್ಲಿನಲ್ಲಿ ನಿಂತಾಗ ಅದರಲ್ಲಿ ಒಂದು ಪಾಲು ಮಾತ್ರ.

ಈಗ ನಿಮಗೆ ಬಂದ ಸಲಹೆಗಳಿಗೆ ಬರೋಣ.

ದೊಡ್ಡ ಎಎಚ್ ಹಾಕಿಸಿದರೆ ತೊಂದರೆ ಇರಲ್ಲ ಅನ್ನುವುದು ಅರ್ಧ ನಿಜ. ಜಾಗದಲ್ಲಿ ಸರಿಯಾಗಿ ಕೂರುವುದಾದರೆ ಒಂದೆರಡು ಎಎಚ್ ಜಾಸ್ತಿ ಇದ್ದರೆ ಬೈಕಿಗೆ ಏನೂ ಹಾನಿ ಇಲ್ಲ. ಕಾಯಿಲ್ ಸುಟ್ಟುಹೋಗುತ್ತದೆ, ಸ್ಟಾರ್ಟರ್ ಮೋಟರ್ ಸುಟ್ಟುಹೋಗುತ್ತದೆ ಅಂತ ಹೆದರಿಸುವುದು ಸುಳ್ಳು. ಮೋಟರ್ ತನಗೆ ಬೇಕಾದಷ್ಟೇ ಕರೆಂಟ್ ಎಳೆಯುತ್ತದೆ, ಬ್ಯಾಟರಿ ಅದರೊಳಗೆ ನೂಕುವುದಿಲ್ಲ. ಆದರೆ ಬೈಕ್ ಉತ್ಪಾದಿಸುವ ಕರೆಂಟ್ ಅಷ್ಟೇ ಇರುತ್ತದಲ್ಲ. ನಲ್ಲಿ ಅದೇ ಇಟ್ಟುಕೊಂಡು ತೊಟ್ಟಿ ಮಾತ್ರ ದೊಡ್ಡದು ಮಾಡಿದ ಹಾಗೆ. ತಳದಲ್ಲಿ ಸೋರುತ್ತಿದ್ದರೆ ಖಾಲಿಯಾಗಲು ಇನ್ನೆರಡು ದಿನ ಜಾಸ್ತಿ ಹಿಡಿಯಬಹುದು, ಮತ್ತೆ ತುಂಬಲು ಅಷ್ಟೇ ಜಾಸ್ತಿ ಓಡಬೇಕು. ನಿಮ್ಮ ಮೂರು ಕಿಲೋಮೀಟರಿಗೆ ಅದು ಲಾಭವೇ ಅಲ್ಲ.

ದಿನಾ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಡುವುದು ಬೇಡ. ಐಡ್ಲಿಂಗ್‌ನಲ್ಲಿ ಬರುವ ಕರೆಂಟನ್ನು ಹೆಡ್‌ಲೈಟ್ ಮತ್ತು ಪಂಪ್ ತಿಂದು ಮುಗಿಸುತ್ತವೆ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆರಿಸಿದರೆ ಒಳಗೆ ನೀರಿನ ಪಸೆ ಉಳಿದು ಆಯಿಲ್ ಬೇರೆ ಕೆಡುತ್ತದೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ನಿಜವಾಗಿ ಓಡಿಸಿ ಬನ್ನಿ.

ಬೇಕಾದಾಗ ಆಸಿಡ್ ತುಂಬಬಹುದು ಅನ್ನುವ ಮಾತು ನನಗೆ ನಿಜಕ್ಕೂ ಬೇಸರ ತರಿಸುತ್ತದೆ, ಯಾಕೆಂದರೆ ಇದರಿಂದ ಹಾಳಾದ ಬ್ಯಾಟರಿಗಳಿಗೆ ಲೆಕ್ಕ ಇಲ್ಲ. ಆಸಿಡ್ ತುಂಬುವುದು ಹೊಸದರಲ್ಲಿ ಒಂದೇ ಸಲ. ಬಳಕೆಯಲ್ಲಿ ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಉಳಿದಿರುತ್ತದೆ. ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಆಸಿಡ್ ಹಾಕಿದರೆ ಸಾಂದ್ರತೆ ಏರುತ್ತದೆ, ಒಂದೆರಡು ದಿನ ಜೋರಾಗಿ ಎಳೆದಂತೆ ಕಾಣುತ್ತದೆ, ಆಮೇಲೆ ಪ್ಲೇಟುಗಳೇ ಸವೆದು ಉದುರುತ್ತವೆ.

ಹಾಗಾದರೆ ಬ್ಯಾಟರಿಯ ಬಗೆಗಳಲ್ಲಿ ಯಾವುದು?

ನೀರು ಹಾಕುವ ಬ್ಯಾಟರಿ ಕೆಟ್ಟದ್ದಲ್ಲ. ಸೆಲ್ ಸೆಲ್ಲಿನ ಮಟ್ಟ ಕಣ್ಣಿಗೆ ಕಾಣುತ್ತದೆ, ಅತಿ ಚಾರ್ಜನ್ನೂ ಸ್ವಲ್ಪ ಸಹಿಸಿಕೊಳ್ಳುತ್ತದೆ, ನೀರು ಹಾಕಿ ಸರಿದೂಗಿಸಬಹುದು. ಆದರೆ ಅದರಿಂದ ಹೊರಬರುವ ಗಾಳಿಯಲ್ಲಿ ಆಸಿಡ್ ಹನಿ ಇರುತ್ತದೆ, ಹೈಡ್ರೋಜನ್ ಇರುತ್ತದೆ, ಅದನ್ನು ಚೈನು, ಫ್ರೇಮಿಗೆ ತಾಗದ ಹಾಗೆ ಕೆಳಕ್ಕೆ ಬಿಡುವ ಸಣ್ಣ ರಬ್ಬರ್ ಪೈಪ್ ಬೇಕೇ ಬೇಕು. ಮೇಂಟೆನೆನ್ಸ್ ಫ್ರೀ ಬ್ಯಾಟರಿಗೆ ಅಂತ ಮಾಡಿದ ನಿಮ್ಮ ಬೈಕಿನಲ್ಲಿ ಆ ಪೈಪಿಗೆ ದಾರಿಯೇ ಇಲ್ಲದಿರಬಹುದು. ನೀರು ಬ್ಯಾಟರಿ ಇದ್ದ ಬೈಕಿಗೆ ಮೇಂಟೆನೆನ್ಸ್ ಫ್ರೀ ಹಾಕುವುದು, ಚಾರ್ಜಿಂಗ್ ವೋಲ್ಟೇಜ್ ಹದದಲ್ಲಿದ್ದರೆ, ಒಳ್ಳೆಯ ಬದಲಾವಣೆ. ಅದರ ಉಲ್ಟಾ ನಾನು ಮಾಡಿಸುವುದಿಲ್ಲ.

ಮೇಂಟೆನೆನ್ಸ್ ಫ್ರೀ ಅಂತ ಬೈಕಿಗೆ ಬರುವುದು ಬಹುತೇಕ ಎಜಿಎಂ ಬಗೆ. ಪ್ಲೇಟುಗಳ ಮಧ್ಯೆ ಗಾಜಿನ ಎಳೆಯ ಚಾಪೆ ಇರುತ್ತದೆ, ಆಸಿಡ್ ಪೂರ್ತಿ ಅದರಲ್ಲೇ ಹೀರಿಕೊಂಡಿರುತ್ತದೆ. ಅಲುಗಾಟ ತಡೆಯುತ್ತದೆ, ಚೆಲ್ಲುವುದಿಲ್ಲ, ಸುಮ್ಮನೆ ಇಟ್ಟಾಗ ತಾನಾಗಿ ಇಳಿಯುವುದು ಕಮ್ಮಿ. ಒಂದೇ ದೌರ್ಬಲ್ಯ, ಅತಿ ವೋಲ್ಟೇಜ್. ಒಳಗೆ ಇರುವ ಆಸಿಡ್ಡೇ ಕಮ್ಮಿ, ಒಮ್ಮೆ ಒಣಗಿದರೆ ನೀರು ಹಾಕುವ ಹಾಗಿಲ್ಲ. ಆರ್‌ಆರ್ ಯುನಿಟ್ ಸರಿಯಿದ್ದರೆ ಈ ಚಿಂತೆ ಬೇಡ. ಜೆಲ್ ಅಂತ ಬರೆದಿರುವುದರಲ್ಲಿ ಎಷ್ಟೋ ಒಳಗೆ ಎಜಿಎಂ ಆಗಿರುತ್ತವೆ, ಆ ಹೆಸರಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಲಿಥಿಯಂ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಸತ್ಯ ಇದೆ. ಬೈಕಿಗೆ ಬರುವುದು ಲಿಥಿಯಂ ಐರನ್ ಫಾಸ್ಫೇಟ್, ಮೊಬೈಲಿನಲ್ಲಿರುವ ಲಿಥಿಯಂಗಿಂತ ಶಾಂತ ಸ್ವಭಾವದ್ದು. ಸೀಸದ್ದು ಮೂರು ಕೆಜಿ ತೂಗುವ ಕಡೆ ಇದು ಒಂದು ಕೆಜಿಯೂ ಇರದು, ಸೆಲ್ಫ್ ಹೊಡೆತ ಚುರುಕು, ಏನೂ ಸೋರಿಕೆ ಇಲ್ಲದಿದ್ದರೆ ತಿಂಗಳುಗಟ್ಟಲೆ ಚಾರ್ಜ್ ಉಳಿಸಿಕೊಳ್ಳುತ್ತದೆ. ಆದರೆ ಡಬ್ಬಿಯ ಮೇಲಿನ ಅಂಕಿಯನ್ನು ಕಣ್ಣು ಬಿಟ್ಟು ಓದಿ. ತುಂಬ ಕಂಪನಿಗಳು 'ಸೀಸಕ್ಕೆ ಸಮಾನ' ಅನ್ನುವ ಎಎಚ್ ಅನ್ನು ದಪ್ಪಕ್ಕೆ ಹಾಕಿ, ನಿಜವಾದ ಎಎಚ್ ಅನ್ನು ಸಣ್ಣಕ್ಕೆ ಹಾಕಿರುತ್ತವೆ. 8 ಎಎಚ್ ಜಾಗಕ್ಕೆ ಬರುವ ಲಿಥಿಯಂನಲ್ಲಿ ನಿಜವಾಗಿ ಇರುವುದು ಎಷ್ಟೋ ಸಲ ಅದರ ಅರ್ಧಕ್ಕಿಂತ ಕಮ್ಮಿ. ಸ್ಟಾರ್ಟ್ ಮಾಡಲು ಅಷ್ಟು ಸಾಕು. ಆದರೆ ನಿಮ್ಮ ಟ್ರ್ಯಾಕರ್ ದಿನಕ್ಕೆ 0.72 ಎಎಚ್ ಕುಡಿಯುತ್ತಿದ್ದರೆ 3 ಎಎಚ್ ಲಿಥಿಯಂ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ಪೂರ್ತಿ ಖಾಲಿಯಾದ ಲಿಥಿಯಂ ಮತ್ತೆ ಏಳುವುದು ಕಷ್ಟ, ಒಳಗಿನ ರಕ್ಷಣಾ ಸರ್ಕ್ಯೂಟ್ ಇಲ್ಲದ್ದಾದರೆ ಅದನ್ನು ಬಲವಂತವಾಗಿ ಚಾರ್ಜ್ ಮಾಡುವುದು ಅಪಾಯ ಕೂಡ. ಕೊರೆಯುವ ಚಳಿಯಲ್ಲಿ ಮೊದಲ ಹೊಡೆತ ಮಂದ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. 14.6 ವೋಲ್ಟ್ ದಾಟಿಸುವ ಆರ್‌ಆರ್ ಇದ್ದರೆ ಇದು ಬೇಡವೇ ಬೇಡ. ಸಲ್ಫೇಟ್ ತೆಗೆಯುತ್ತೇವೆ ಅಂತ ವೋಲ್ಟೇಜ್ ಏರಿಸುವ ಮೋಡ್ ಇರುವ ಚಾರ್ಜರ್ ಅನ್ನು ಲಿಥಿಯಂಗೆ ತಾಗಿಸಲೂಬಾರದು. ದಿನಾ ದೂರ ಓಡಿಸುವ, ಬೈಕಿಗೆ ಏನೂ ತಗುಲಿಸದ, ತೂಕ ಇಳಿಸಬೇಕು ಅನ್ನುವವರಿಗೆ ಲಿಥಿಯಂ ಚೆನ್ನ. ನಿಮಗೆ ಈಗ ಅಲ್ಲ.

ನಿಮಗೆ ನನ್ನ ಸಲಹೆ, ಮೊದಲು ಇದ್ದ ಅದೇ ಕೋಡಿನ 8 ಎಎಚ್ ಎಜಿಎಂ. ಬೈಕಿನ ಮ್ಯಾನ್ಯುಯಲ್ ನೋಡಿ, ಅಂಗಡಿಯವರು 'ಇದೂ ಆಗುತ್ತೆ' ಅಂತ ಕೊಡುವುದನ್ನು ತರಬೇಡಿ. 8 ಎಎಚ್ ಅಂದರೆ ಹೆಚ್ಚಾಗಿ ವೈಟಿಎಕ್ಸ್9-ಬಿಎಸ್ ಅನ್ನುವ ಅಳತೆ. ಇಲ್ಲಿ 9 ಅಂದರೆ 9 ಎಎಚ್ ಅಲ್ಲ. ಅದೇ ಸಾಲಿನ 7ಎಲ್ 6 ಎಎಚ್, 5ಎಲ್ 4 ಎಎಚ್, ಹಾಗಾಗಿ ಹೆಸರಿನ ಅಂಕಿ ನಂಬದೆ ಎಎಚ್ ಅಂತ ಬರೆದಿರುವುದನ್ನೇ ಓದಿ. ಅದೂ 10 ಗಂಟೆಯಲ್ಲಿ ಖಾಲಿ ಮಾಡಿ ಅಳೆದ ಲೆಕ್ಕದ್ದಾ 20 ಗಂಟೆಯ ಲೆಕ್ಕದ್ದಾ ನೋಡಿ, 20 ಗಂಟೆಯ ಲೆಕ್ಕದಲ್ಲಿ ಅದೇ ಬ್ಯಾಟರಿಗೆ ಅಂಕಿ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಸಿಸಿಎ ಅನ್ನುವುದು ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್, 7.2 ವೋಲ್ಟಿಗಿಂತ ಕೆಳಗೆ ಬೀಳದೆ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಅಳತೆ. ಮ್ಯಾನ್ಯುಯಲ್ ಹೇಳಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಕು.

ಅಳತೆ ಮತ್ತು ಟರ್ಮಿನಲ್ ದಿಕ್ಕು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನ ಇಲ್ಲ. 5ಎಲ್ ಮತ್ತು 7ಎಲ್ ಎರಡರದೂ ತಳ 114 ಗುಣಿಲೆ 71 ಮಿಲಿಮೀಟರ್, ಆದರೆ ಎತ್ತರ ಒಂದರದು 106, ಇನ್ನೊಂದರದು 131. ಒಂದರ ಜಾಗಕ್ಕೆ ಇನ್ನೊಂದು ಆರಾಮಾಗಿ ಇಳಿಯುತ್ತದೆ, ಸೀಟು ಕೂರಿಸುವಾಗ ಮಾತ್ರ ತಳದ ಕಬ್ಬಿಣ ಟರ್ಮಿನಲ್‌ಗೆ ತಾಗಿ ಶಾರ್ಟ್ ಆಗಬಹುದು. ಟರ್ಮಿನಲ್‌ಗಳನ್ನು ನಿಮ್ಮ ಕಡೆ ಮಾಡಿ ಹಿಡಿದರೆ ಈ ಸಾಲಿನಲ್ಲಿ ಎಲ್ ಇರುವುದರ ಪಾಸಿಟಿವ್ ಬಲಕ್ಕೆ ಬರುತ್ತದೆ, 9-ಬಿಎಸ್‌ನದು ಎಡಕ್ಕೆ. ದಿಕ್ಕು ಉಲ್ಟಾ ಇರುವುದನ್ನು ತಂದು ವೈರ್ ಎಳೆದಾಡಿ ಕೂರಿಸುವ ಸಾಹಸ ಬೇಡ, ಒಮ್ಮೆ ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಆರ್‌ಆರ್, ಇಸಿಯು ಎರಡಕ್ಕೂ ಕುತ್ತು.

ಬಿಎಸ್ ಅಂತ ಇರುವುದರಲ್ಲಿ ಬ್ಯಾಟರಿ ಒಣಗಿದ್ದು, ಆಸಿಡ್ ಬೇರೆ ಬಾಟಲಿ ಕಟ್ಟಿನಲ್ಲಿ ಬರುತ್ತದೆ. ನಿಮ್ಮ ಎರಡನೇ ಬ್ಯಾಟರಿ ಕೆಟ್ಟಿದ್ದು ಇಲ್ಲೂ ಇರಬಹುದು, ಅದಕ್ಕೆ ಎದುರಿಗೇ ನಿಂತು ಮಾಡಿಸಿ. ಮೇಲಿನ ಫಾಯಿಲ್ ಕಿತ್ತು, ಆರು ಬಾಟಲಿಗಳ ಕಟ್ಟನ್ನು ತಲೆಕೆಳಗೆ ಮಾಡಿ ಆರು ತೂತುಗಳಿಗೆ ಒಟ್ಟಿಗೆ ಒತ್ತಬೇಕು. ಆರರಲ್ಲೂ ಗುಳ್ಳೆ ಏಳುತ್ತಿದೆಯಾ ನೋಡಿ. ಯಾವುದೋ ಒಂದರಲ್ಲಿ ಗುಳ್ಳೆ ಇಲ್ಲ ಅಂದರೆ ಆ ಸೆಲ್ಲಿಗೆ ಆಸಿಡ್ ಇಳಿಯುತ್ತಿಲ್ಲ, ಬಾಟಲಿಯ ತಳಕ್ಕೆ ಎರಡು ಸಲ ಮೆಲ್ಲಗೆ ತಟ್ಟಬೇಕು, ಬಾಟಲಿ ಎತ್ತಬಾರದು. ಪೂರ್ತಿ ಇಳಿದ ಮೇಲೆ ಚಾಪೆ ಹೀರಿಕೊಳ್ಳಲು ಕಮ್ಮಿ ಅಂದರೂ ಅರ್ಧ ಗಂಟೆ ಬಿಡಬೇಕು. ಆಮೇಲೆ ಚಾರ್ಜ್. ಆಸಿಡ್ ಹಾಕಿದ ಕೂಡಲೇ ಬ್ಯಾಟರಿ 12 ವೋಲ್ಟ್ ತೋರಿಸುತ್ತದೆ, ಬೈಕೂ ಸ್ಟಾರ್ಟ್ ಆಗುತ್ತದೆ, ಹಾಗಾಗಿ ಅವಸರದಲ್ಲಿ ಹಾಗೇ ಹಾಕಿ ಕಳಿಸಿಬಿಡುತ್ತಾರೆ. ಆದರೆ ಆಗ ಅದು ತುಂಬಿರುವುದು ಮುಕ್ಕಾಲು ಭಾಗದಷ್ಟೇ. ಎಎಚ್‌ನ ಹತ್ತನೇ ಒಂದು ಪಾಲು ಕರೆಂಟಿನಲ್ಲಿ, ಅಂದರೆ 8ಕ್ಕೆ 0.8 ಆಂಪಿಯರ್, ಕೆಲವು ಗಂಟೆ ಚಾರ್ಜ್ ಮಾಡಲೇಬೇಕು. ನಿಮ್ಮ ಥರ ಕಮ್ಮಿ ಓಡಿಸುವವರಲ್ಲಿ ಈ ಮೊದಲ ಚಾರ್ಜ್ ತಪ್ಪಿದರೆ ಮತ್ತೆಂದೂ ಅದು ತುಂಬುವುದಿಲ್ಲ. ಕಾರಿಗೆ ಇಟ್ಟಿರುವ ದೊಡ್ಡ ಚಾರ್ಜರ್ ಬೇಡ. ಕೊನೆಗೆ ಮುಚ್ಚಳದ ಪಟ್ಟಿಯನ್ನು ಎರಡೂ ಕೈಯಿಂದ ಒತ್ತಿ ಮುಚ್ಚಬೇಕು, ಸುತ್ತಿಗೆಯಲ್ಲಿ ಬಡಿಯಬಾರದು, ಮತ್ತೆಂದೂ ತೆಗೆಯಬಾರದು.

ಫ್ಯಾಕ್ಟರಿಯಲ್ಲೇ ಆಸಿಡ್ ತುಂಬಿ ಬಂದದ್ದಾದರೆ ತಯಾರಾದ ತಿಂಗಳು ನೋಡಿ, ಅಲ್ಲೇ ವೋಲ್ಟೇಜ್ ಅಳೆಸಿ. 12.5ಕ್ಕಿಂತ ಕೆಳಗಿದ್ದರೆ ಬೇರೆ ಕೇಳಿ.

ಹಾಕುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ. ಬಿಚ್ಚುವಾಗ ನೆಗೆಟಿವ್ ಮೊದಲು. ಫ್ರೇಮ್ ಪೂರ್ತಿ ನೆಗೆಟಿವ್ ಆಗಿರುವುದರಿಂದ, ನೆಗೆಟಿವ್ ಕಳಚಿದ್ದರೆ ಪಾಸಿಟಿವ್ ಬಿಗಿ ಮಾಡುವಾಗ ಸ್ಪ್ಯಾನರ್ ಎಲ್ಲಿ ತಾಗಿದರೂ ಕಿಡಿ ಹಾರುವುದಿಲ್ಲ. ಟರ್ಮಿನಲ್ಲಿನ ಚೌಕದ ನಟ್ ಕೆಳಕ್ಕೆ ಜಾರುತ್ತಿದ್ದರೆ ಅದರಡಿ ಒಂದು ಚೂರು ಸ್ಪಾಂಜ್ ತುರುಕಿ, ಬೋಲ್ಟ್ ಸುಲಭಕ್ಕೆ ಸಿಗುತ್ತದೆ. ಬಿಗಿಯಾದ ಮೇಲೆ ಮೇಲಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿ ತನ್ನ ಗೂಡಿನಲ್ಲಿ ಅಲ್ಲಾಡಬಾರದು, ಸಡಿಲ ಇದ್ದರೆ ರಬ್ಬರ್ ಕೊಟ್ಟು ಪಟ್ಟಿ ಬಿಗಿಯಿರಿ.

ಇನ್ನು ನೀವು ಸೇರಿಸಿದ ಸಾಮಾನು. ಮೊಬೈಲ್ ಚಾರ್ಜರ್ ಮತ್ತು ಫಾಗ್ ಲೈಟ್ ನೇರ ಬ್ಯಾಟರಿಯಿಂದ ಬಂದಿದ್ದರೆ ಕೀ ಆನ್ ಆದಾಗ ಮಾತ್ರ ಕರೆಂಟ್ ಹೋಗುವಂತೆ ರಿಲೇ ಹಾಕಿಸಿ, ಬೇರೆ ಫ್ಯೂಸೂ ಇರಲಿ. ಫೋನ್ ಸಿಕ್ಕಿಸದೇ ಇದ್ದರೂ ಆ ಚಾರ್ಜರ್ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತದೆ. ಟ್ರ್ಯಾಕರ್ ಅನ್ನು ಹಾಗೆ ಮಾಡಲಾಗದು, ಕೀ ಆಫ್ ಆದಾಗಲೇ ಅಲ್ವಾ ಅದರ ಕೆಲಸ. ಅದರ ಸೆಟಿಂಗ್‌ನಲ್ಲಿ ನಿದ್ದೆಯ ಮೋಡ್ ಇದ್ದರೆ ಹಾಕಿ, ನಿಂತಾಗ ಸಂದೇಶ ಕಳಿಸುವ ಅಂತರ ಹೆಚ್ಚಿಸಿ, ಮತ್ತೆ ಅಳೆದು ನೋಡಿ. ಹತ್ತು ಮಿಲಿಆಂಪಿಯರ್ ಒಳಗೆ ಬಂದರೆ ಹತ್ತು ದಿನಕ್ಕೆ 2.4 ಎಎಚ್ ಹೋಗುತ್ತದೆ, ಬೈಕ್ ಸ್ಟಾರ್ಟ್ ಆಗುತ್ತದೆ. ಅದಕ್ಕಿಂತ ಕೆಳಗೆ ಬಾರದಿದ್ದರೆ ಅದಕ್ಕೊಂದು ಸ್ವಂತ ಪುಟ್ಟ ಬ್ಯಾಟರಿ ಇರುವ ಟ್ರ್ಯಾಕರ್ ನೋಡಿ.

ಬೈಕ್ ನಿಲ್ಲಿಸುವ ಕಡೆ ಪ್ಲಗ್ ಪಾಯಿಂಟ್ ಇದ್ದರೆ ತಾನೇ ವೋಲ್ಟೇಜ್ ಹಿಡಿತದಲ್ಲಿಡುವ ಸಣ್ಣ ಸ್ಮಾರ್ಟ್ ಚಾರ್ಜರ್ ಹಾಕಿಟ್ಟು ಹೋಗಿ, ಹತ್ತು ದಿನ ಅಲ್ಲ, ತಿಂಗಳು ಬಿಟ್ಟರೂ ತೊಂದರೆ ಇಲ್ಲ. ಪ್ಲಗ್ ಇಲ್ಲದಿದ್ದರೆ ಎರಡೇ ದಾರಿ. ಹೋಗುವಾಗ ನೆಗೆಟಿವ್ ಕಳಚಿ ಹೋಗುವುದು, ಆಗ ಟ್ರ್ಯಾಕರ್ ಕೆಲಸ ಮಾಡುವುದಿಲ್ಲ, ಗಡಿಯಾರ ಮತ್ತೆ ಸೆಟ್ ಮಾಡಬೇಕು. ಇಲ್ಲವೇ ಬಂದ ದಿನವೇ ಬ್ಯಾಟರಿ ಬಿಚ್ಚಿ ಮನೆಗೆ ತಂದು ರಾತ್ರಿ ಚಾರ್ಜಿಗೆ ಹಾಕುವುದು. ಇಳಿದಿರಬಹುದು, ಇಳಿದೇ ಕೂತಿರಬಾರದು.

ಹಳೆಯದನ್ನು ಹೊಸದು ಕೊಡುವ ಅಂಗಡಿಗೇ ವಾಪಸ್ ಕೊಡಿ. ಒಳಗಿರುವುದು ಸೀಸ ಮತ್ತು ಆಸಿಡ್, ಅದನ್ನು ಒಡೆಯುವವರ ಕೈಗೆ, ಮಕ್ಕಳಿರುವ ಜಾಗಕ್ಕೆ ಹೋಗಬಾರದು. ಕೊಡುವ ಮುಂಚೆ ವಾರಂಟಿ ಕಾರ್ಡ್ ಒಮ್ಮೆ ತೆಗೆದು ನೋಡಿ, 14 ತಿಂಗಳು ಅಂದರೆ ಇನ್ನೂ ಅದರೊಳಗೇ ಇರಬಹುದು.